ಕರ್ಮಿಟ್‌ಗೆ ಬಂದ 90 ಲಕ್ಷ ಮಾತ್ರೆ

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕರ್ಮಿಟ್ ಅಂತ ಒಂದು ಪುಟ್ಟ ಊರು. ಕಲ್ಲಿದ್ದಲು ಗಣಿಗಳ ಸೀಮೆ. ಜನಸಂಖ್ಯೆ ಸುಮಾರು 400 ಇತ್ತು. ಅಲ್ಲಿನ ಒಂದೇ ಒಂದು ಮೆಡಿಕಲ್ ಶಾಪ್‌ಗೆ ಎರಡು ವರ್ಷದಲ್ಲಿ ಬಂದಿಳಿದ ನೋವಿನ ಮಾತ್ರೆ ಎಷ್ಟು ಗೊತ್ತಾ? ಹತ್ತಿರಹತ್ತಿರ 90 ಲಕ್ಷ!

ಎಲ್ಲವೂ ಹೈಡ್ರೊಕೊಡೋನ್, ಅಫೀಮಿನ ಕುಲದ ಮದ್ದು, ಅಂದರೆ ಒಪಿಯಾಯ್ಡ್. ಕಳ್ಳಸಾಗಣೆ ಅಲ್ಲ ಇದು. ಔಷಧ ಕಂಪನಿಗಳೇ ಬಿಲ್ ಹಾಕಿ ಕಳಿಸಿದ ಮಾಲು. ಇದನ್ನು ಬಯಲಿಗೆಳೆದ ಪತ್ರಕರ್ತ ಎರಿಕ್ ಐರ್‌ಗೆ 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಈ ಪಿಡುಗಿನ ಬೇರು ಇನ್ನೂ ಹಿಂದಿನದು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಅನ್ನೋ ಅದೇ ಕುಲದ ನೋವಿನ ಮಾತ್ರೆ ತಂದಿತು. ಚಟ ಹತ್ತೋದು ಕಡಿಮೆ ಅಂತ ಡಾಕ್ಟರುಗಳನ್ನು ನಂಬಿಸಿತು. 2007ರಲ್ಲಿ ಪರ್ಡ್ಯೂ ಬಳಗದ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ, ಬೆನ್ನುನೋವಿಗೆ ಅಂತ ಮಾತ್ರೆ ನುಂಗಿದವರಿಗೆ ಅದಿಲ್ಲದೆ ಹಾಸಿಗೆಯಿಂದ ಏಳೋಕೂ ಆಗುತ್ತಿರಲಿಲ್ಲ. ಮಾತ್ರೆ ಸಿಗದಾದಾಗ ಹೆರಾಯಿನ್, ಆಮೇಲೆ ಫೆಂಟನಿಲ್. 2022 ಒಂದೇ ವರ್ಷ, ಅಮೆರಿಕದಲ್ಲಿ ಒಪಿಯಾಯ್ಡ್‌ಗಳಿಗೆ ಬಲಿಯಾದವರು 80 ಸಾವಿರಕ್ಕೂ ಹೆಚ್ಚು.

ಸತ್ತವರ ಲೆಕ್ಕವಾದರೂ ಸಿಗುತ್ತೆ, ಬದುಕಿ ನರಳುವವರದ್ದು ಸಿಗಲ್ಲ. ವೆಸ್ಟ್ ವರ್ಜೀನಿಯಾದ್ದೇ ಆದ ಹಂಟಿಂಗ್ಟನ್‌ನಲ್ಲಿ 2014ರಲ್ಲಿ ಲಿಲೀಸ್ ಪ್ಲೇಸ್ ಅನ್ನೋ ಆರೈಕೆ ಕೇಂದ್ರ ಶುರುವಾಯಿತು, ತಾಯಿಯ ಹೊಟ್ಟೆಯಲ್ಲೇ ಮದ್ದಿಗೆ ಒಗ್ಗಿಹೋದ ಹಸುಗೂಸುಗಳಿಗಾಗಿ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಮದ್ದು ನಿಲ್ಲುತ್ತೆ. ಒಂದೆರಡು ದಿನದಲ್ಲೇ ಕೈಕಾಲು ನಡುಕ, ಕೀರಲು ದನಿಯ ಅಳು, ಹಾಲು ಚೀಪೋಕೂ ಆಗಲ್ಲ. ಇಂಥ ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ದೀಪ ಮಂಕು ಮಾಡಿ, ಎದೆಗವಚಿಕೊಂಡು ಗಂಟೆಗಟ್ಟಲೆ ಕೂರಬೇಕು.

ಆಮೇಲೆ ಸಾಕೋರು ಯಾರು? ಎಷ್ಟೋ ಮನೆಗಳಲ್ಲಿ ವಯಸ್ಸಾದ ಅಜ್ಜಿ, ತಾತ. ಈ ಮಾತ್ರೆ ಮಾರಿದ ಕಂಪನಿಗಳು ಈಗ ಕಟ್ಟುತ್ತಿರುವ ಪರಿಹಾರದ ದುಡ್ಡು ಮೊದಲು ತಲುಪಬೇಕಾದ್ದು ಆ ಮನೆಗಳಿಗೆ.