ಮನೆಗೆ ತಾಗಿದ ಹುಳುಮನೆ

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಬೇಸಿಗೆಯ ರಜೆಗೆ ಮಾಗಡಿ ಸೀಮೆಯ ನಮ್ಮ ಊರಿಗೆ ಬಂದರೆ ಮಲಗಲು ಮನೆಯೊಳಗೆ ಸ್ಥಳವಿರುತ್ತಿರಲಿಲ್ಲ. ನಡುಮನೆಯಲ್ಲಿ ಹುಳು, ಪಡಸಾಲೆಯಲ್ಲಿ ಹುಳು, ಅಟ್ಟದ ಮೇಲೆ ಚಂದ್ರಿಕೆ. ಬಿದಿರಿನ ತಟ್ಟೆಗಳು ನೆಲದಿಂದ ಸೂರಿನವರೆಗೆ ಸಾಲಾಗಿ ನಿಂತಿರುತ್ತಿದ್ದವು. ಅಪ್ಪ ಮತ್ತು ಗಂಡುಮಕ್ಕಳು ಜಗಲಿಯಲ್ಲಿ, ಅವ್ವ ಒಲೆಯ ಪಕ್ಕದಲ್ಲಿ ಮಲಗುವರು. ರಾತ್ರಿ ಸೊಪ್ಪು ಹಾಕಿದ ಮೇಲೆ ಐದನೆಯ ಹಂತದ ಹುಳು ತಿನ್ನುವ ಸದ್ದು ತೆಂಗಿನ ಗರಿಯ ಮೇಲೆ ಸೋನೆ ಮಳೆ ಬಿದ್ದಂತೆ ಕೇಳುತ್ತಿತ್ತು. ಮನೆ ನಮ್ಮದೋ ಹುಳುವಿನದೋ ಎಂದು ಅಪ್ಪನನ್ನು ಕೇಳಿದೆವು. "ಈ ತಿಂಗಳು ಅದರದು, ಮುಂದಿನ ತಿಂಗಳು ನಮ್ಮದು" ಎಂದರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದ ಅನೇಕ ವಾಚಕರಿಗೆ ಇದು ಹೊಸ ಚಿತ್ರವಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುವನ್ನು ತರಿಸಿದ ಕಾಲದಿಂದ ಇಂದಿನ ರಾಮನಗರದ ಗೂಡಿನ ಮಾರುಕಟ್ಟೆಯವರೆಗೆ ರೇಷ್ಮೆಯು ಈ ನೆಲದ ಅನ್ನವಾಗಿದೆ. ಆದರೆ ಆ ಅನ್ನವನ್ನು ದುಡಿಯುವ ಹುಳುವಿಗೆ ಪ್ರತ್ಯೇಕವಾದ ಮನೆ ಬೇಕೆಂಬುದು ನಮ್ಮ ಹಿರಿಯರಿಗೆ ತೋಚಿರಲಿಲ್ಲ. ತೋಚಿದ್ದರೂ ಕಟ್ಟುವ ಶಕ್ತಿ ಇರಲಿಲ್ಲ. ಹುಳುವಿಗಾಗಿ ಮನೆಯ ಪಕ್ಕಕ್ಕೆ ಮತ್ತೊಂದು ಅಂಕಣವನ್ನು ನಮ್ಮ ಕೈಯಿಂದಲೇ ಕಟ್ಟಿಕೊಂಡ ಸಂಗತಿಯನ್ನೂ, ಅದರಲ್ಲಿ ನಾವು ಎಡವಿದ ಬಗೆಯನ್ನೂ ಇಲ್ಲಿ ನಿವೇದಿಸಬೇಕೆಂದಿದ್ದೇವೆ.

ಮನೆಗೆ ತಾಗಿಸಿ ಜೀವಿಗಳಿಗಾಗಿ ಕೋಣೆ ಕಟ್ಟುವ ಪರಿಪಾಠ ಪರದೇಶಗಳಲ್ಲಿಯೂ ಉಂಟು. ಚಳಿಯ ನಾಡುಗಳಲ್ಲಿ ಶ್ರೀಮಂತರು ನಿಂಬೆ, ಕಿತ್ತಳೆ ಗಿಡಗಳನ್ನು ಹಿಮದಿಂದ ಕಾಪಾಡಲು ಗಾಜಿನ ಕೋಣೆಗಳನ್ನು ಕಟ್ಟಿದರು. ಬರಬರುತ್ತ ಸಾಮಾನ್ಯ ಗೃಹಸ್ಥರೂ ಮನೆಯ ಹಿಂಬದಿಗೆ ಗಾಜಿನ ಪಡಸಾಲೆ ಜೋಡಿಸಿಕೊಂಡರು. 1851ರಲ್ಲಿ ಲಂಡನ್ನಿನಲ್ಲಿ ಎದ್ದ ಸ್ಫಟಿಕ ಭವನದ ಮಾದರಿಯನ್ನು ನೋಡಿ ಕಟ್ಟಿದ ಗಾಜಿನ ಮನೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಬೆಂಗಳೂರಿನ ಲಾಲ್‌ಬಾಗಿನಲ್ಲಿದೆ. ಫಲಪುಷ್ಪ ಪ್ರದರ್ಶನಕ್ಕೆ ಹೋದವರೆಲ್ಲ ಅದನ್ನು ಕಂಡಿರುತ್ತಾರೆ. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಂಡು ಕಾವನ್ನು ಹೊರಗೆ ಬಿಡದು. ಚಳಿನಾಡಿಗೆ ಅದು ವರ. ನಮ್ಮ ಹುಳುವಿಗೆ ಅದೇ ಮೃತ್ಯು. ಇಲ್ಲಿ ಕಾವನ್ನು ಹೊರಗಿಟ್ಟು ಗಾಳಿಯನ್ನು ಒಳಗೆ ಕರೆಯುವ ಮನೆ ಬೇಕು.

ಹುಳುವಿನ ಸ್ವಭಾವ ತಿಳಿಯದೆ ಅದರ ಮನೆ ಕಟ್ಟಲಾಗದು. ಮೊಟ್ಟೆಯೊಡೆದ ಎಳೆಯ ಹುಳುವಿಗೆ, ಎಂದರೆ ಚಾಕಿ ಹಂತದಲ್ಲಿ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಕಾವೂ ನೂರಕ್ಕೆ 85ರಿಂದ 90ರಷ್ಟು ತೇವಾಂಶವೂ ಹಿತ. ನಾಲ್ಕು ಜ್ವರ ಕಳೆದು ಐದನೆಯ ಹಂತಕ್ಕೆ ಬಂದ ಹುಳುವಿಗೆ 23ರಿಂದ 24 ಡಿಗ್ರಿ, ತೇವಾಂಶ 70ರಷ್ಟು ಸಾಕು. ಮರಿಯಿದ್ದಾಗ ಬೆಚ್ಚಗೆ, ಬೆಳೆದಾಗ ತಣ್ಣಗೆ. ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚನ್ನು ಅದು ಈ ಕೊನೆಯ ಹಂತದಲ್ಲಿಯೇ ತಿನ್ನುತ್ತದೆ. ಹಿಪ್ಪುನೇರಳೆ ಸೊಪ್ಪಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಆ ನೀರೆಲ್ಲ ಹುಳುವಿನ ಉಸಿರು, ಹಿಕ್ಕೆ, ಬಾಡಿದ ಸೊಪ್ಪುಗಳ ಮೂಲಕ ಕೋಣೆಯ ಗಾಳಿಗೇ ಸೇರಬೇಕು. ಗಾಳಿಯಾಡದ ನಡುಮನೆಯಲ್ಲಿ ಹಾಲುರೋಗ, ಸಪ್ಪೆರೋಗ, ಸುಣ್ಣಕಟ್ಟು ಇವು ಏಕೆ ತಪ್ಪುತ್ತಿರಲಿಲ್ಲವೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಹಿರಿಯರು ಅದಕ್ಕೆ ದೃಷ್ಟಿ ತಾಗಿತೆಂದು ಹೇಳಿ ಮೆಣಸಿನಕಾಯಿ ಸುಡುತ್ತಿದ್ದರು. ಆ ಹೊಗೆಯಿಂದ ಉಳಿದ ಹುಳುವೂ ಸೊಪ್ಪು ಬಿಡುತ್ತಿತ್ತು.

1998ರಲ್ಲಿ ತಮ್ಮನೂ ನಾವೂ ಕೆಲಸಕ್ಕೆ ಕೈಹಾಕಿದೆವು. ಆಗ ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆಯು ಜಪಾನಿನ ನೆರವಿನಿಂದ ದ್ವಿತಳಿ ಹುಳುವನ್ನು ಹಳ್ಳಿಗಳಿಗೆ ತರುತ್ತಿದ್ದ ಕಾಲ. ಬಿಳಿಯ ಗೂಡು, ಉದ್ದನೆಯ ನೂಲು, ಒಳ್ಳೆಯ ಬೆಲೆ; ಆದರೆ ಮೈಸೂರು ತಳಿಯಂತೆ ಎಲ್ಲವನ್ನೂ ಸಹಿಸುವ ಹುಳುವಲ್ಲ. ಅದಕ್ಕೆ ನಡುಮನೆ ಒಗ್ಗದೆಂದು ಇಲಾಖೆಯವರು ಹೇಳುತ್ತಲೇ ಇದ್ದರು.

ಮೊದಲ ಪ್ರಶ್ನೆ ಯಾವ ದಿಕ್ಕಿಗೆ ಎಂಬುದು. ಊರಿನ ಹಿರಿಯರೊಬ್ಬರು ಬಂದು ಮೂಡಣಕ್ಕೆ ಮನೆ ಬೆಳೆಸಿದರೆ ಯಜಮಾನನಿಗೆ ಆಗದೆಂದು ವಾಸ್ತು ಎತ್ತಿದರು. ದಿನ, ಘಳಿಗೆ, ದಿಕ್ಕುಗಳ ಭಯವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಕಿತ್ತೊಗೆದರೂ ನಮ್ಮವರ ಮನೆಗಳಲ್ಲಿ ಅದು ಇನ್ನೂ ಬಾಡಿಗೆಗೆ ಇದೆ. ನಾವು ಸೂರ್ಯನನ್ನು ಕೇಳಿದೆವು. ಕೋಣೆಯ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಗಿಡ್ಡ ಗೋಡೆಗಳಿಗೆ ಮಾತ್ರ ಬೀಳುತ್ತದೆ. ಮನೆಯ ಮೂಡಣ ಗೋಡೆಗೆ ಕೋಣೆಯ ಗಿಡ್ಡ ಬದಿಯನ್ನು ತಾಗಿಸಿದರೆ ಪಡುವಣದ ಉರಿಬಿಸಿಲನ್ನು ಹಳೆಯ ಮನೆಯೇ ತಡೆಯುತ್ತದೆ. ಉತ್ತರ ದಕ್ಷಿಣದ ಎರಡು ಉದ್ದ ಗೋಡೆಗಳೂ ಗಾಳಿಗೆ ತೆರೆದಿರುತ್ತವೆ. ಉದ್ದ 30 ಅಡಿ, ಅಗಲ 18 ಅಡಿ ಎಂದು ಹಗ್ಗ ಹಿಡಿದೆವು. ಕೆಲವರು ಕಲ್ಲು ಉಳಿಸಲೆಂದು ಉದ್ದ ಗೋಡೆಯನ್ನೇ ಮನೆಗೆ ಅಂಟಿಸುತ್ತಾರೆ. ಆಗ ಒಂದು ಬದಿ ಕುರುಡಾಗಿ ಗಾಳಿ ಹಾಯುವುದಿಲ್ಲ. ಆ ಉಳಿತಾಯ ಎರಡು ಬೆಳೆಯಲ್ಲಿ ತೀರಿಹೋಗುತ್ತದೆ.

ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಸಾವನದುರ್ಗದಿಂದ ರಾಮನಗರದ ಬೆಟ್ಟಗಳವರೆಗೆ ನೆಲವೇ ಕಲ್ಲು. ಸೈಜುಗಲ್ಲನ್ನು ಗಾಡಿಯಲ್ಲಿ ತರಿಸಿ, ಪಾಯವನ್ನು ನಾವೇ ತೋಡಿ, ಗೋಡೆಯನ್ನು ಕೆಮ್ಮಣ್ಣಿನ ಗಾರೆಯಲ್ಲಿ ಎತ್ತಿದೆವು. ಸಂದುಗಳಿಗೆ ಮಾತ್ರ ಸಿಮೆಂಟು. ಗೋಡೆ 10 ಅಡಿ ಎದ್ದಿತು. ಕಟ್ಟಡದಲ್ಲಿ ಕೂಲಿ ಕೊಟ್ಟು ಕರೆದದ್ದು ಬಾಗಿಲು ಕಿಟಕಿಗಳ ಮೇಲಿನ ತೊಲೆಗಲ್ಲನ್ನು ಏರಿಸಲು ಒಬ್ಬ ಗಾರೆಯವನನ್ನೂ, ಮಾಡಿನ ಮರಗೆಲಸಕ್ಕೆ ಒಬ್ಬ ಬಡಗಿಯನ್ನೂ ಮಾತ್ರ. ಗ್ರಂಥ ಹಿಡಿದ ಕೈಯಲ್ಲಿ ಗುದ್ದಲಿ ಬೊಬ್ಬೆ ಎಬ್ಬಿಸಿತು. ಕಾಯಕದ ಮೇಲೆ ಎಷ್ಟೋ ವರ್ಷ ಉಪನ್ಯಾಸ ಮಾಡಿದ್ದ ನಮ್ಮನ್ನು ನೋಡಿ ತಮ್ಮ ನಕ್ಕದ್ದು ಇನ್ನೂ ನೆನಪಿದೆ.

ಮಾಡಿಗೆ ಕಲ್ಲುಚಪ್ಪಡಿ ಹಾಕೋಣವೆಂದು ತಮ್ಮ ಹೇಳಿದ. ಚಪ್ಪಡಿ ಹಗಲೆಲ್ಲ ಕಾಯ್ದು ರಾತ್ರಿಯೆಲ್ಲ ಆ ಕಾವನ್ನು ಕೆಳಗೆ ಸುರಿಯುತ್ತದೆ. ನಮ್ಮ ಹಳೆಯ ದನದ ಕೊಟ್ಟಿಗೆಯಲ್ಲಿ ಅದನ್ನು ಕಂಡಿದ್ದೆವು. ಸಿಮೆಂಟು ಶೀಟು ಅಗ್ಗ, ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಕೆಳಗೆ ಮನುಷ್ಯನೇ ನಿಲ್ಲಲಾರ. ಈಗಾಗಲೇ ಶೀಟು ಹಾಕಿರುವವರು ಮೇಲೆ ದಪ್ಪವಾಗಿ ಸುಣ್ಣ ಬಳಿದು ತೆಂಗಿನ ಗರಿ ಹೊದಿಸಿದರೆ ಕಾವು ಎಷ್ಟೋ ಇಳಿಯುತ್ತದೆ. ನಾವು ಮಂಗಳೂರು ಹೆಂಚನ್ನೇ ಆರಿಸಿದೆವು. ಹೆಂಚಿನ ಸಂದಿನಿಂದ ಬಿಸಿಗಾಳಿ ತಾನಾಗಿ ಮೇಲೆ ಹೋಗುತ್ತದೆ. ಆದರೆ ಅದೇ ಸಂದಿನಿಂದ ಊಜಿ ನೊಣ ಕೆಳಗಿಳಿಯುತ್ತದೆ. ಆದಕಾರಣ ಹೆಂಚಿನ ಕೆಳಗೆ ರೀಪಿಗೆ ಸೇರಿಸಿ ನೈಲಾನು ಬಲೆ ಬಿಗಿದೆವು. ನೆಲದಿಂದ ಒಂದಡಿ ಮೇಲೆ ಚಿಕ್ಕ ಗವಾಕ್ಷಿ, ಸೂರಿನ ಕೆಳಗೆ ಮತ್ತೊಂದು ಸಾಲು. ಕೆಳಗಿನಿಂದ ತಂಪುಗಾಳಿ ಬಂದು ಮೇಲಿನಿಂದ ಕಾವು ಹೊರಡಬೇಕು. ಎಲ್ಲಕ್ಕೂ ಬಲೆ. ಗೋಡೆಯ ಸುತ್ತ ಗೇಣು ಅಗಲದ ಕಾಲುವೆ ಮಾಡಿ ನೀರು ನಿಲ್ಲಿಸಿದೆವು. ಇರುವೆಗೆ ಹುಳುಮನೆಯ ದಾರಿ ಹೇಳಿಕೊಡಬೇಕಾಗಿಲ್ಲ.

ಊಜಿ ನೊಣದ ವಿಷಯ ತಿಳಿಯದವರಿಗೆ ಎರಡು ಮಾತು. 1980ರಲ್ಲಿ ಅದು ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಸೇರಿತು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಮೈಯೊಳಗೆ ಹೊಕ್ಕ ಕಡೆ ಕಪ್ಪು ಕಲೆ ಬೀಳುತ್ತದೆ. ಹುಳು ಸಾಯುತ್ತದೆ, ಇಲ್ಲವೆ ಗೂಡು ಕಟ್ಟಿದ ಮೇಲೆ ಒಳಗಿನ ಮರಿ ಗೂಡನ್ನು ಕೊರೆದು ಹೊರಬರುತ್ತದೆ. ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು.

ಇಷ್ಟು ಎಚ್ಚರ ವಹಿಸಿದ ನಾವು ಒಂದು ತಪ್ಪು ಮಾಡಿದೆವು. ಮನೆಯ ಆಗ್ನೇಯದಲ್ಲಿ ಅಡುಗೆಮನೆ. ಅದರ ಮೂಡಣ ಗೋಡೆಯೇ ಹುಳುಮನೆಯ ಪಡುವಣ ಗೋಡೆ. ಅಲ್ಲಿ ಒಂದು ಬಾಗಿಲು ತೆಗೆದೆವು. ರಾತ್ರಿ ಹತ್ತು ಗಂಟೆಗೆ ಸೊಪ್ಪು ಹಾಕುವುದು ತಮ್ಮನ ಹೆಂಡತಿಯ ಪಾಲಿನ ಕೆಲಸ. ಎರಡು ಹೆಜ್ಜೆಯಲ್ಲಿ ಹೋಗಿ ಬರಲೆಂದು ಆ ಬಾಗಿಲು. ಮೊದಲ ಬೆಳೆ ಚೆನ್ನಾಗಿ ಬಂದಿತು. ಎರಡನೆಯ ಬೆಳೆಯಲ್ಲಿ ಹುಳು ಹಣ್ಣಾಗುವ ಹೊತ್ತಿಗೆ ಮೈಮೇಲೆ ಕಪ್ಪು ಚುಕ್ಕೆ ಕಂಡವು. ಬಲೆಯಲ್ಲಿ ತೂತು ಹುಡುಕಿದೆವು, ಒಂದೂ ಇಲ್ಲ. ಮೂರು ದಿನ ಹುಡುಕಿದ ಮೇಲೆ ಅರ್ಥವಾಯಿತು. ನೊಣವು ಹಿತ್ತಿಲ ಬಾಗಿಲಿನಿಂದ ಮನೆಗೆ, ಅಡುಗೆಮನೆಯಿಂದ ಹುಳುವಿಗೆ ಹೋಗುತ್ತಿತ್ತು. ಎಲ್ಲ ಕಿಟಕಿಗೂ ಬಲೆ ಹಾಕಿ ಇಡೀ ಮನೆಯನ್ನೇ ಒಂದು ಕಿಟಕಿ ಮಾಡಿ ಬಿಟ್ಟಿದ್ದೆವು. ಒಲೆಯ ಹೊಗೆ ಆ ಕಡೆಗೆ. ಬೆಳೆಗೆ ಮುಂಚೆ ಸಿಂಪಡಿಸುವ ಫಾರ್ಮಲಿನ್ ವಾಸನೆ ಈ ಕಡೆಗೆ. ಮಕ್ಕಳ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಆ ಔಷಧದ ಆವಿಯು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದೆಂದು 2004ರಲ್ಲಿ ಅಂತಾರಾಷ್ಟ್ರೀಯ ತಜ್ಞರು ವರ್ಗೀಕರಿಸಿದರು. ನಡುಮನೆಯಲ್ಲಿ ಅದನ್ನು ಸಿಂಪಡಿಸಿ ಎರಡು ದಿನದ ಮೇಲೆ ಅಲ್ಲಿಯೇ ಹಸುಗೂಸನ್ನು ಮಲಗಿಸಿದ ಕುಟುಂಬಗಳನ್ನು ನಾವು ಬಲ್ಲೆವು. ಹುಳುಮನೆ ಬೇರೆ ಇರಬೇಕೆಂಬುದಕ್ಕೆ ಬೆಳೆಗಿಂತ ದೊಡ್ಡ ಕಾರಣ ಇದು. ನಾವು ಈಗ ಬಳಸುವುದು ಬ್ಲೀಚಿಂಗ್ ಪುಡಿ: ಒಂದು ಲೀಟರ್ ನೀರಿಗೆ 20 ಗ್ರಾಂ, ಜೊತೆಗೆ 3 ಗ್ರಾಂ ಅರಳಿದ ಸುಣ್ಣ. ಅದನ್ನೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಸಿಂಪಡಿಸಬೇಕು.

ಬಾಗಿಲು ಮುಚ್ಚಿಬಿಡೋಣವೆಂದು ಜಗಲಿಯಲ್ಲಿ ಕುಳಿತು ನಾವೂ ತಮ್ಮನೂ ತೀರ್ಮಾನಿಸಿದೆವು. ಒಳಗಿನಿಂದ ತಮ್ಮನ ಹೆಂಡತಿ ಬಂದು, "ಮುಚ್ಚಿ ಭಾವನವರೇ, ಬೇಡವೆನ್ನುವುದಿಲ್ಲ. ರಾತ್ರಿ ಮಳೆಯಲ್ಲಿ ಸೊಪ್ಪಿನ ಹೊರೆ ಹೊತ್ತು ಮನೆ ಸುತ್ತಿ ಹೋಗುವವರು ಯಾರೆಂಬುದನ್ನೂ ಈಗಲೇ ತೀರ್ಮಾನಿಸಿಬಿಡಿ" ಎಂದಳು. ನಾವು ಮಾತನಾಡಲಿಲ್ಲ. ಕಟ್ಟುವಾಗ ದಿಕ್ಕನ್ನು ಸೂರ್ಯನಲ್ಲಿ ಕೇಳಿದ್ದೆವು, ಕಲ್ಲನ್ನು ಗಾರೆಯವನಲ್ಲಿ ಕೇಳಿದ್ದೆವು; ಒಳಗೆ ದುಡಿಯುವವಳನ್ನು ಕೇಳಿರಲಿಲ್ಲ. ದಿನಕ್ಕೆ ಹತ್ತು ಸಲ ಆ ಕೋಣೆಗೆ ಹೋಗಿ ಬರುವವಳು ಅವಳೊಬ್ಬಳೇ.

ಅವಳು ಹೇಳಿದಂತೆಯೇ ಮಾಡಿದೆವು. ಮನೆಯ ಗೋಡೆಗುಂಟ ಹೆಂಚಿನ ಇಳಿಮಾಡು ಇಳಿಸಿ, ಹಿತ್ತಿಲ ಬಾಗಿಲಿನಿಂದ ಹುಳುಮನೆಯ ದಕ್ಷಿಣದವರೆಗೆ ನಾಲ್ಕಡಿ ಅಗಲದ ಓಣಿಜಗಲಿ. ಅದರ ತುದಿಯಲ್ಲಿ ಆರಡಿ ಚದರದ ಚಿಕ್ಕ ಮುಂಗೋಣೆ. ಅದಕ್ಕೆ ಹೊರಗೊಂದು ಒಳಗೊಂದು ಬಲೆಯ ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಕಾಲು ಅದ್ದಲು ಬ್ಲೀಚಿಂಗ್ ನೀರಿನ ತೊಟ್ಟಿ, ಕೈ ತೊಳೆಯಲು ಬಕೆಟ್ಟು. ಸೊಪ್ಪನ್ನು ಕೆಡವಲು ಅದೇ ಜಗಲಿಯಲ್ಲಿ ಒಂದು ಕಟ್ಟೆ. ಅದೂ ಅವಳ ಮಾತೇ, ನಮ್ಮದಲ್ಲ.

ಅಜ್ಜಿಯ ಕಾಲದಲ್ಲಿ ನಮ್ಮ ಮನೆಯಲ್ಲಿಯೂ ಹೆಂಗಸರು ತಿಂಗಳ ಮೂರು ದಿನ ಹುಳುವಿನ ಬಳಿ ಸುಳಿಯಬಾರದೆಂಬ ಕಟ್ಟಳೆ ಇತ್ತು. ಲಿಂಗವಂತರಿಗೆ ಪಂಚಸೂತಕಗಳಿಲ್ಲವೆಂದು ಪೀಠದ ಮೇಲೆ ಹೇಳಿ ಕೆಳಗಿಳಿದ ಮೇಲೆ ಇದನ್ನು ಪಾಲಿಸಿದವರೂ ನಾವೇ. ಕೈ ತೊಳೆಯದೆ ಬರುವ ಗಂಡಸು, ಹೊಗೆಸೊಪ್ಪು ಮುಟ್ಟಿದ ಬೆರಳು ಹುಳುವಿಗೆ ವಿಷ. ಹೆಣ್ಣಿನ ದೇಹಧರ್ಮ ಹುಳುವಿಗೆ ಗೊತ್ತೇ ಇಲ್ಲ. ಮುಂಗೋಣೆಯ ಬಕೆಟ್ಟು ಬಂದ ದಿನದಿಂದ ನಮ್ಮಲ್ಲಿ ಆ ಕಟ್ಟಳೆ ನಿಂತಿತು.

ಇನ್ನೊಂದು ಪ್ರಶ್ನೆಯನ್ನು ವಾಚಕರು ಕೇಳಿಯೇ ಕೇಳುತ್ತಾರೆ: ಗೂಡಿನೊಳಗಿನ ಜೀವವನ್ನು ಆವಿಯಲ್ಲಿ ಕೊಂದು ನೂಲು ತೆಗೆಯುವ ಈ ಕಸುಬು ದಯಾಧರ್ಮದವರಿಗೆ ಸಲ್ಲುವುದೇ? ನೇಯ್ಗೆಯೇ ಕಾಯಕವಾಗಿದ್ದ ಜೇಡರ ದಾಸಿಮಯ್ಯನವರ ಪರಂಪರೆಯಲ್ಲಿ ನಾವಿದ್ದೇವೆಂದು ಹೇಳಿ ನುಣುಚಿಕೊಳ್ಳಲಾರೆವು. ಎರಡೆಕರೆ ಹಿಪ್ಪುನೇರಳೆ ನಂಬಿ ಮಕ್ಕಳನ್ನು ಓದಿಸಿದ ಮನೆಯವರು ನಾವು; ಆ ಹಣದಲ್ಲಿಯೇ ಮಠಕ್ಕೆ ದಾಸೋಹದ ಅಕ್ಕಿ ಹೋಗಿದೆ. ಮನಸ್ಸು ಈ ವಿಷಯದಲ್ಲಿ ಇಂದಿಗೂ ಸಮಾಧಾನಗೊಂಡಿಲ್ಲ.

ಕಟ್ಟುವವರಿಗೆ ಈಗ ರೇಷ್ಮೆ ಇಲಾಖೆಯ ಸಹಾಯಧನವಿದೆ. ಅಳತೆ, ನಕಾಶೆಗಳಿಗೆ ಅದರದೇ ನಿಯಮಗಳಿರುವುದರಿಂದ ಪಾಯ ತೋಡುವ ಮುಂಚೆಯೇ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಬೇಕು. ಕಟ್ಟಿದ ಮೇಲೆ ಹೋದವರು ಬರಿಗೈಯಲ್ಲಿ ಬಂದದ್ದನ್ನು ನೋಡಿದ್ದೇವೆ.

ನಮ್ಮ ಹುಳುಮನೆ ಇನ್ನೂ ನಿಂತಿದೆ; ಈಗ ತಮ್ಮನ ಮಗ ಅದರಲ್ಲಿ ರೆಂಬೆ ಪದ್ಧತಿಯಲ್ಲಿ ಹುಳು ಸಾಕುತ್ತಾನೆ. ಅಡುಗೆಮನೆಯ ಬಾಗಿಲನ್ನು ಸೈಜುಗಲ್ಲಿನಿಂದ ಮುಚ್ಚುವಾಗ ಗೋಡೆಯ ಪೂರ್ತಿ ದಪ್ಪ ತುಂಬುವುದು ಬೇಡವೆಂದು ತಮ್ಮನ ಹೆಂಡತಿ ತಡೆದಳು. ಈ ಬದಿಗೆ ಒಂದು ಮೊಳ ಆಳ ಉಳಿಯಿತು. ಅಡ್ಡಕ್ಕೆ ಮೂರು ಕಡಪ ಕಲ್ಲು ಇಡಿಸಿ ಅದನ್ನು ಗೂಡು ಮಾಡಿಕೊಂಡಿದ್ದಾಳೆ. ಮೇಲಿನ ಅಂತಸ್ತಿನಲ್ಲಿ ಉಪ್ಪಿನಕಾಯಿ ಭರಣಿ, ನಡುವೆ ವಿಭೂತಿಯ ಗಟ್ಟಿ, ಕೆಳಗೆ ರಾಮನಗರ ಮಾರುಕಟ್ಟೆಯ ಚೀಟಿಗಳ ಕಟ್ಟು.