ಆಡುಸೋಗೆ: ಕತ್ತರಿಸಿದಷ್ಟೂ ಚಿಗುರುವ ಗಿಡ

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆದರೆ ಆಡುಸೋಗೆಯ ಹತ್ತಿರ ಬಂದ ಆಡು ಸಾಮಾನ್ಯವಾಗಿ ಮೂಸಿ ನೋಡಿ ಮುಂದೆ ಹೋಗುತ್ತದೆ. ಎಲೆ ಅಷ್ಟು ಕಹಿ. ಜಜ್ಜಿದರೆ ಬರುವ ವಾಸನೆಯೂ ಕಟು. ದನಕರು ಬಾಯಿ ಹಾಕುವುದಿಲ್ಲವೆಂದೇ ಹಳ್ಳಿಗಳಲ್ಲಿ ಇದನ್ನು ಬೇಲಿಗೆ ನೆಡುತ್ತಾರೆ.

ಮದ್ದಿನ ಗುಣ ಇರುವುದೂ ಈ ಕಹಿಯಲ್ಲೇ. ಆಯುರ್ವೇದ ಇದನ್ನು ವಾಸಾ ಎಂದು ಕರೆದು ಕೆಮ್ಮು, ಉಬ್ಬಸಗಳಿಗೆ ಬಳಸುತ್ತ ಬಂದಿದೆ. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಆಲ್ಕಲಾಯ್ಡ್‌ನ ಜಾಡು ಹಿಡಿದೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಔಷಧ ರೂಪುಗೊಂಡಿತು. ಕೆಮ್ಮಿನ ಸಿರಪ್‌ಗಳಲ್ಲಿ ಕಾಣುವ ಆಂಬ್ರಾಕ್ಸಾಲ್ ಕೂಡ ಅದೇ ವಂಶದ್ದು.

ಕಡ್ಡಿ ನೆಡುವುದು

ಬೀಜಕ್ಕೆ ಕಾಯಬೇಕಿಲ್ಲ, ಕಡ್ಡಿಯಿಂದಲೇ ಗಿಡವಾಗುತ್ತದೆ. ತುದಿಯ ಎಳೆ ಹಸಿರು ಕಡ್ಡಿ ಕೊಳೆಯುತ್ತದೆ. ಬುಡದ ತೀರಾ ಬಲಿತ ಕಟ್ಟಿಗೆ ಬೇರು ಬಿಡಲು ತಡಮಾಡುತ್ತದೆ. ಇವೆರಡರ ನಡುವಿನ, ಹಸಿರು ಬಣ್ಣ ಕಂದಿಗೆ ತಿರುಗುತ್ತಿರುವ ಭಾಗವನ್ನು ಆರಿಸಿ, 3–4 ಗೆಣ್ಣುಗಳಿರುವಂತೆ ಒಂದು ಗೇಣುದ್ದ ಕತ್ತರಿಸಿ. ಕೆಳಗಿನ ಎಲೆಗಳನ್ನು ತೆಗೆದು ಎರಡು ಗೆಣ್ಣು ಮಣ್ಣೊಳಗೆ ಇಳಿಯುವಂತೆ ನೆಡಿ. ಮಳೆಗಾಲದ ಆರಂಭ ಇದಕ್ಕೆ ಒಳ್ಳೆಯ ಹೊತ್ತು. ಬೇರೂರುವವರೆಗೆ ನೆರಳಿರಲಿ. ಚಿಗುರು ಕಂಡ ಕೂಡಲೇ ಕಿತ್ತು ನೋಡಬೇಡಿ: ಕಡ್ಡಿಯಲ್ಲಿ ಉಳಿದ ಸತ್ವದಿಂದಲೇ ಮೊದಲ ಎಲೆಗಳು ಬರುವುದುಂಟು, ಬೇರು ಆಮೇಲೆ ಬರುತ್ತದೆ.

ಮಣ್ಣು, ನೀರು

ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸೇರಿಸಿದ ಮಿಶ್ರಣ ಸಾಕು. ತಾರಸಿಯಲ್ಲಾದರೆ ಒಂದಡಿಗಿಂತ ಕಡಿಮೆಯಿಲ್ಲದ ಕುಂಡ, ತಳದಲ್ಲಿ ನೀರು ಇಳಿಯಲು ತೂತು ಬೇಕು. ಬರವನ್ನು ತಾಳುವ ಗಿಡ ನಿಂತ ನೀರನ್ನು ತಾಳದು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. ಗೊಬ್ಬರ ಹೆಚ್ಚಾದರೆ ಚಿಗುರು ಮೆತ್ತಗಾಗಿ ಸಸ್ಯಹೇನು, ಹಿಟ್ಟು ತಿಗಣೆಗಳನ್ನು ಕರೆಯುತ್ತದೆ. ಅವು ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿ.

ಕತ್ತರಿಯೇ ಆರೈಕೆ

ಹೆಚ್ಚಿನವರು ಈ ಗಿಡಕ್ಕೆ ನೀರು ಹಾಕುತ್ತಾರೆ, ಸವರುವುದಿಲ್ಲ. ಹಾಗೇ ಬಿಟ್ಟರೆ ಆಳೆತ್ತರ ಬೆಳೆದು, ಬುಡವೆಲ್ಲ ಬೋಳಾಗಿ, ಎಲೆ ತುದಿಯಲ್ಲಷ್ಟೇ ಉಳಿಯುತ್ತದೆ. ಒಂದು ಗೆಣ್ಣನ್ನು ಗಮನಿಸಿ: ಎಲೆಗಳು ಎದುರುಬದುರಾಗಿ ಜೋಡಿಯಲ್ಲಿವೆ, ಎರಡರ ಕಂಕುಳಲ್ಲೂ ಒಂದೊಂದು ಮೊಗ್ಗಿದೆ. ಗೆಣ್ಣಿನ ಮೇಲೆ ಕತ್ತರಿಸಿದರೆ ಈ ಎರಡೂ ಎಚ್ಚೆತ್ತು, ಒಂದು ಕೊಂಬೆಯಿದ್ದಲ್ಲಿ ಎರಡು ಬರುತ್ತವೆ. ನೇರಳೆ ಗೆರೆಯ ಬಿಳಿ ಹೂಗಳು ಮುಗಿದ ಮೇಲೆ, ಮಳೆಗೆ ಮುಂಚೆ, ಮೊಣಕಾಲೆತ್ತರಕ್ಕೆ ಸವರಿ. ಕತ್ತರಿಸಿದ್ದರಲ್ಲಿ ಒಳ್ಳೆಯ ಕಡ್ಡಿಗಳು ನೆಡಲಿಕ್ಕೆ, ಉಳಿದ ಸೊಪ್ಪು ಹಸಿರೆಲೆ ಗೊಬ್ಬರಕ್ಕೆ.

ಎಲೆ ಬಳಸುವ ಮುನ್ನ

ಹಸಿ ಎಲೆಯನ್ನು ಎಷ್ಟು ಅರೆದು ಹಿಂಡಿದರೂ ರಸ ಸರಿಯಾಗಿ ಇಳಿಯದು. ಇಡ್ಲಿ ಪಾತ್ರೆಯ ಹಬೆಯಲ್ಲಿ ಬಾಡಿಸಿ ಹಿಂಡಿದರೆ ಬರುತ್ತದೆ. ಒಣಗಿಸುವುದಾದರೆ ನೆರಳಲ್ಲಿ ಒಂದೇ ಪದರವಾಗಿ ಹರಡಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ.

ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದು. ಆದ್ದರಿಂದ ಬಸುರಿಯರಿಗೆ ಇದು ಸಲ್ಲದು. ರಸಕ್ಕೆ ಜೇನು ಬೆರೆಸುವ ರೂಢಿಯಿದೆ, ಆದರೆ ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಕೆಮ್ಮು ಎರಡು ವಾರ ದಾಟಿದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಕಷಾಯದ ಪಾತ್ರೆ ಕೆಳಗಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಿ. ಅದು ಕ್ಷಯವೂ ಇರಬಹುದು; ಅದರ ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.