ಒಂದು ಗಂಟೆ ಹುಲ್ಲು ಕತ್ತರಿಸಿದರೆ 480 ಕಿ.ಮೀ. ಕಾರು ಓಡಿಸಿದಷ್ಟು ಮಾಲಿನ್ಯವೇ?

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರಿಗೆ ಮನೆಯ ಜೊತೆಗೇ ಒಂದು ಕೆಲಸವೂ ಬರುತ್ತದೆ: ಅಂಗಳದ ಹುಲ್ಲುಹಾಸನ್ನು ಆಗಾಗ ಕತ್ತರಿಸುವುದು. ಯಂತ್ರ ಕೊಳ್ಳಲು ಹೋದರೆ ಮೊದಲ ಪ್ರಶ್ನೆ, ಗ್ಯಾಸೋ ಬ್ಯಾಟರಿಯೋ? (ಅಲ್ಲಿ ಗ್ಯಾಸ್ ಎಂದರೆ ಪೆಟ್ರೋಲ್, ಅಡುಗೆ ಸಿಲಿಂಡರ್ ಅಲ್ಲ.) ಬ್ಯಾಟರಿಯ ಪರ ಇರುವವರು ಒಂದು ಲೆಕ್ಕ ಹೇಳುತ್ತಾರೆ: ಪೆಟ್ರೋಲ್ ಯಂತ್ರವನ್ನು ಒಂದು ಗಂಟೆ ಓಡಿಸಿದರೆ, ಕಾರನ್ನು 300 ಮೈಲಿ, ಅಂದರೆ ಸುಮಾರು 480 ಕಿ.ಮೀ. ಓಡಿಸಿದಷ್ಟು ಮಾಲಿನ್ಯವಂತೆ. ಇದು ನಿಜವೇ?

ಲೆಕ್ಕ ಸುಳ್ಳಲ್ಲ. ಇದರ ಮೂಲ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ. ಒಣಎಲೆ ಊದಿ ಗುಡಿಸುವ ಲೀಫ್ ಬ್ಲೋವರ್‌ಗೆ ಅದು ಕೊಡುವ ಅಂಕಿ ಇನ್ನೂ ದೊಡ್ಡದು: 1,100 ಮೈಲಿ. ಆದರೆ ಹೇಳುವವರು ಒಂದು ಮುಖ್ಯ ಪದ ನುಂಗಿಬಿಡುತ್ತಾರೆ. ಮಂಡಳಿ ಹೇಳಿದ್ದು 'ಹೊಗೆಮಂಜು ಉಂಟುಮಾಡುವ' ಮಾಲಿನ್ಯದ ಬಗ್ಗೆ. ಪೂರ್ತಿ ಉರಿಯದ ಇಂಧನದ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಸೇರಿ ನೆಲಮಟ್ಟದ ಓಝೋನ್ ಆಗುತ್ತವೆ. ಆಸ್ತಮಾ ಇರುವವರಿಗೆ ಉಸಿರು ಕಟ್ಟಿಸುವುದು ಇದೇ. ಇಂಗಾಲದ ಡೈಆಕ್ಸೈಡ್‌ಗೆ ಈ ಹೋಲಿಕೆ ಸಲ್ಲದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅದು ಕಾರಿನಲ್ಲಿ ಉರಿದರೂ ಅಷ್ಟೇ, ಅಂಗಳದಲ್ಲಿ ಉರಿದರೂ ಅಷ್ಟೇ. ಗಂಟೆಗೆ ಒಂದೆರಡು ಲೀಟರ್ ಕುಡಿಯುವ ಯಂತ್ರ ಈ ವಿಷಯದಲ್ಲಿ 480 ಕಿ.ಮೀ. ಓಡಿದ ಕಾರಿಗೆ ಸಮವಾಗಲು ಸಾಧ್ಯವೇ ಇಲ್ಲ.

ಹಾಗಾದರೆ ಇಷ್ಟು ಪುಟ್ಟ ಎಂಜಿನ್ ಅಷ್ಟು ಕೊಳಕೇಕೆ? ಕಾರಿನ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದು ವಿಷಾನಿಲಗಳನ್ನು ಬಹುಪಾಲು ತಡೆಯುತ್ತದೆ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಅನೇಕ ಬ್ಲೋವರ್‌ಗಳದ್ದು ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವಂಥದ್ದು. ಸುಟ್ಟ ಹೊಗೆ ಹೊರಹೋಗುವಾಗಲೇ ಹೊಸ ಇಂಧನ ಒಳಬರುವುದರಿಂದ ಅದರಲ್ಲೊಂದಿಷ್ಟು ಉರಿಯದೆಯೇ ಜಾರಿಹೋಗುತ್ತದೆ. ಬೆಂಗಳೂರಿನ ಹಳೇ ಆಟೋಗಳ ಹಿಂದೆ ಸಿಗ್ನಲ್‌ನಲ್ಲಿ ನಿಂತವರಿಗೆ ಆ ವಾಸನೆ ನೆನಪಿರಬೇಕು. ಇಲ್ಲಿ ಎಂಜಿನ್ ಬೆನ್ನ ಮೇಲೇ ಇರುತ್ತದೆ.

ಇನ್ನೊಂದು ತಪ್ಪುಕಲ್ಪನೆ, ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಯಂತ್ರ ಬಳಸುವುದೇ ಅಪರಾಧ ಎಂಬುದು. 2021ರ ಕಾನೂನಿನಂತೆ ಬಂದ ರಾಜ್ಯದ ನಿಯಮ 2024ರ ಮಾದರಿಯಿಂದ ಮುಂದಿನ ಹೊಸ ಯಂತ್ರಗಳಿಗೆ ಸಂಬಂಧಿಸಿದ್ದು. ಮನೆಯಲ್ಲಿರುವ ಹಳೆಯದನ್ನು ಬಳಸಲು ಅದು ಅಡ್ಡಿಮಾಡುವುದಿಲ್ಲ. ಕೆಲವು ಊರುಗಳ ನಿಯಮ ಇನ್ನೂ ಬಿಗಿ. ರಾಜಧಾನಿ ವಾಷಿಂಗ್ಟನ್‌ನಲ್ಲಿ 2022ರಿಂದ ಪೆಟ್ರೋಲ್ ಬ್ಲೋವರ್ ಬಳಕೆಗೇ ನಿಷೇಧವಿದೆ.

ಸಣ್ಣ ಅಂಗಳಕ್ಕೆ ಬ್ಯಾಟರಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಹೊಗೆ ಇಲ್ಲ, ಸದ್ದು ಕಡಿಮೆ, ಹಗ್ಗ ಎಳೆದೆಳೆದು ಸ್ಟಾರ್ಟ್ ಮಾಡುವ ಗೋಳಿಲ್ಲ. ದಿನಕ್ಕೆ ಹತ್ತಾರು ಮನೆ ಸುತ್ತುವ ಮಾಲಿಗಳ ಕಷ್ಟ ಬೇರೆ. ಅವರಿಗೆ ಹಲವು ಬ್ಯಾಟರಿ ಬೇಕು, ಅವುಗಳ ಬೆಲೆಯೂ ಭಾರ. ಮನೆಗೆ ಕೊಳ್ಳುವವರು ಹುಲ್ಲಿನ ಯಂತ್ರಕ್ಕೂ ಬ್ಲೋವರ್‌ಗೂ ಒಂದೇ ಬ್ಯಾಟರಿ ಹೊಂದುವಂತೆ ಆರಿಸಿಕೊಂಡರೆ ಹಣ ಉಳಿಯುತ್ತದೆ. ಒದ್ದೆ ಹುಲ್ಲು ಕತ್ತರಿಸಿದರೆ ಚಾರ್ಜ್ ಬೇಗ ಮುಗಿಯುತ್ತದೆ. ಹಾಳಾದ ಲಿಥಿಯಂ ಬ್ಯಾಟರಿಯನ್ನು ಮಾತ್ರ ಕಸದ ಡಬ್ಬಿಗೆ ಹಾಕಬೇಡಿ. ಕಸದ ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಿಕೊಳ್ಳಬಹುದು.